ಹೊಸ ಬಾಲಚುಕ್ಕಿಯೋ ಸೂಪರ್‌ನೋವಾವೋ ಕಂಡರೆ ಯಾರಿಗೆ, ಹೇಗೆ ತಿಳಿಸಬೇಕು: ಕಾರವಾರ–ಶಿರಸಿಯ ಆಕಾಶವೀಕ್ಷಕರಿಗೆ

ಸೂರ್ಯ ಕಡಲಿಗಿಳಿದು ಒಂದು ಗಂಟೆಯಾಗಿದೆ. ಪಡುವಣ ಆಕಾಶದ ಚಿತ್ರವೊಂದನ್ನು ಲ್ಯಾಪ್‌ಟಾಪಿನಲ್ಲಿ ಹಿಗ್ಗಿಸಿ ನೋಡುವಾಗ, ನಕ್ಷೆಯಲ್ಲಿಲ್ಲದ ಮಂಜಿನ ಹನಿಯಂಥ ಚುಕ್ಕೆ ಕಾಣುತ್ತದೆ. ಕೈ ತಾನಾಗಿ ವಾಟ್ಸ್‌ಆ್ಯಪ್ ಕಡೆ ಹೋಗುತ್ತದೆ. ತಡೆಯಿರಿ. ಆ ಚುಕ್ಕೆ ದಿಗಂತಕ್ಕಿಳಿಯಲು ಇನ್ನು ಮುಕ್ಕಾಲು ಗಂಟೆ ಇದ್ದರೆ, ಆ ಮುಕ್ಕಾಲು ಗಂಟೆ ಪೂರ್ತಿ ಬೇಕಾಗಿರುವುದು ಎರಡನೇ ಚಿತ್ರಕ್ಕೆ. ಒಂದೇ ಚಿತ್ರದಲ್ಲಿ ಕಂಡದ್ದನ್ನು ಯಾರೂ ನಂಬುವುದಿಲ್ಲ, ನಂಬಲೂಬಾರದು. ಎರಡು ಚಿತ್ರ, ಎರಡು ನಿಖರ ಸ್ಥಾನ, ಎರಡು ನಿಖರ ಸಮಯ ಇದ್ದರೆ ಪ್ರಪಂಚದ ಯಾವ ದೊಡ್ಡ ವೀಕ್ಷಣಾಲಯವೂ ನಿಮ್ಮ ಮಾತು ಕೇಳಿ ದೂರದರ್ಶಕ ತಿರುಗಿಸುತ್ತದೆ.

ಯಾವುದಕ್ಕೆ ಯಾವ ಬಾಗಿಲು

ಹೊಸ ಕಾಯಗಳ ಸುದ್ದಿ ಸ್ವೀಕರಿಸಿ ಹಂಚುವ ಹಳೆಯ ಸಂಸ್ಥೆ ಸೆಂಟ್ರಲ್ ಬ್ಯೂರೊ ಫಾರ್ ಆಸ್ಟ್ರನಾಮಿಕಲ್ ಟೆಲಿಗ್ರಾಮ್ಸ್. 19ನೇ ಶತಮಾನದ ಕೊನೆಗೆ ಜರ್ಮನಿಯ ಕೀಲ್‌ನಲ್ಲಿ ಶುರುವಾಗಿ, ಕೋಪನ್‌ಹೇಗನ್‌ಗೆ ಹೋಗಿ, 1965ರಿಂದ ಅಮೆರಿಕದ ಕೇಂಬ್ರಿಜ್‌ನಲ್ಲಿದೆ. ಹೆಸರಿನಲ್ಲಿ ಇನ್ನೂ ‘ತಂತಿ’ ಉಳಿದಿರುವುದಕ್ಕೆ ಕಾರಣವಿದೆ. ಆ ಕಾಲಕ್ಕೆ ಸ್ಥಾನ, ಸಮಯ, ಕಾಂತಿಮಾನ (ಹೊಳಪಿನ ಅಳತೆ) ಇವನ್ನೆಲ್ಲ ಐದೈದು ಅಂಕಿಗಳ ಗುಂಪಾಗಿ ಮಡಿಸಿ ತಂತಿ ಕಳಿಸುತ್ತಿದ್ದರು. ತಪ್ಪು ಅಂಕಿ ನುಸುಳಿದ್ದು ಗೊತ್ತಾಗಲೆಂದು ಕೊನೆಗೊಂದು ತಾಳೆ ಸಂಖ್ಯೆಯೂ ಇರುತ್ತಿತ್ತು. 1995ರ ಜುಲೈ 23ರಂದು ಹೇಲ್–ಬಾಪ್ ಧೂಮಕೇತುವನ್ನು ಇಬ್ಬರು ಬೇರೆ ಬೇರೆ ಕಡೆಯಿಂದ ಕಂಡಾಗ ಅಲನ್ ಹೇಲ್ ಇಮೇಲ್ ಮಾಡಿದರು, ಥಾಮಸ್ ಬಾಪ್ ತಂತಿಯನ್ನೇ ಕೊಟ್ಟರು. ದಾರಿ ಬೇರೆ, ಒಳಗಿನ ಮಾಹಿತಿ ಒಂದೇ. ಇವತ್ತಿಗೂ ಅದೇ ಮಾಹಿತಿ ಬೇಕು.

ಈಗ ಬಾಗಿಲುಗಳು ಮೂರು. ಧೂಮಕೇತು ಅನಿಸಿದರೆ ಮೇಲಿನ ಬ್ಯೂರೊಗೂ ಮೈನರ್ ಪ್ಲಾನೆಟ್ ಸೆಂಟರ್‌ಗೂ ತಿಳಿಸಬೇಕು. ಕ್ಷುದ್ರಗ್ರಹ ಮತ್ತು ಗ್ರಹಗಳ ಚಂದ್ರಗಳ ಅಳತೆ ಮೈನರ್ ಪ್ಲಾನೆಟ್ ಸೆಂಟರ್‌ಗೆ. ಸೂಪರ್‌ನೋವಾ, ಅಂದರೆ ಸ್ಫೋಟಗೊಂಡ ನಕ್ಷತ್ರ ಅನಿಸಿದರೆ ಟ್ರಾನ್ಸಿಯೆಂಟ್ ನೇಮ್ ಸರ್ವರ್‌ ಎಂಬ ಜಾಲತಾಣಕ್ಕೆ. 2016ರ ಜನವರಿ 1ರಿಂದ ಸೂಪರ್‌ನೋವಾಗಳಿಗೆ ಅಧಿಕೃತ ಸಂಕೇತ ಸಿಗುವುದು ಅಲ್ಲಿಯೇ. ನಮ್ಮದೇ ಗ್ಯಾಲಕ್ಸಿಯ ನೋವಾ (ಒಮ್ಮೆಲೇ ಹೊಳೆದು ಮತ್ತೆ ಮಂಕಾಗುವ ನಕ್ಷತ್ರ) ಆದರೆ ಸೆಂಟ್ರಲ್ ಬ್ಯೂರೊದ ಟ್ರಾನ್ಸಿಯೆಂಟ್ ದೃಢೀಕರಣ ಪುಟ. ಮೂರರಲ್ಲೂ ಖಾತೆ ತೆರೆಯುವುದು, ಅರ್ಜಿಯ ನಮೂನೆ ಓದುವುದು ಇವೆಲ್ಲ ಇವತ್ತೇ ಮುಗಿಯಲಿ. ಚುಕ್ಕೆ ಕಂಡ ರಾತ್ರಿ ಪಾಸ್‌ವರ್ಡ್ ಹುಡುಕುತ್ತ ಕೂರುವಂತಾಗಬಾರದು.

ಮೈನರ್ ಪ್ಲಾನೆಟ್ ಸೆಂಟರ್‌ಗೆ ಇನ್ನೂ ಒಂದು ಪೂರ್ವತಯಾರಿ ಬೇಕು. ನಿಮ್ಮ ಜಾಗಕ್ಕೆ ಮೂರಕ್ಷರದ ವೀಕ್ಷಣಾಲಯ ಸಂಕೇತ ಪಡೆಯಬೇಕು. ಅದಕ್ಕೆ ಗುಮ್ಮಟ ಕಟ್ಟಬೇಕಿಲ್ಲ, ಮನೆಯ ತಾರಸಿ ಸಾಕು. ಜಿಪಿಎಸ್‌ನಿಂದ ಅಕ್ಷಾಂಶ, ರೇಖಾಂಶ, ಎತ್ತರ ಗುರುತಿಸಿ. ಈಗಾಗಲೇ ಸಂಖ್ಯೆ ಪಡೆದಿರುವ ಕೆಲವು ಕ್ಷುದ್ರಗ್ರಹಗಳನ್ನು ಎರಡು ರಾತ್ರಿ, ರಾತ್ರಿಗೆ ಮೂರ್ನಾಲ್ಕು ಬಾರಿ ಅಳೆದು, ಸಂಕೇತದ ಜಾಗದಲ್ಲಿ ‘ಎಕ್ಸ್‌ಎಕ್ಸ್‌ಎಕ್ಸ್’ ಎಂದು ಹಾಕಿ ಕಳಿಸಿ. ಲೆಕ್ಕದ ಸ್ಥಾನಕ್ಕೂ ನಿಮ್ಮ ಅಳತೆಗೂ ಅಂತರ ಒಂದು ಆರ್ಕ್‌ಸೆಕೆಂಡಿನ (ಡಿಗ್ರಿಯ 3,600ನೇ ಒಂದು ಭಾಗದ) ಆಸುಪಾಸಿನಲ್ಲಿದ್ದರೆ ಸಂಕೇತ ಸಿಗುತ್ತದೆ. ಈ ಕಸರತ್ತಿನಿಂದ ಸಂಕೇತಕ್ಕಿಂತ ದೊಡ್ಡ ಲಾಭವೊಂದಿದೆ: ನಿಮ್ಮ ಗಡಿಯಾರ, ಲೆನ್ಸ್, ಸಾಫ್ಟ್‌ವೇರ್ ಎಲ್ಲಿ ತಪ್ಪುತ್ತವೆ ಎನ್ನುವುದು ಹೊಸ ಕಾಯ ಸಿಗುವ ಮುಂಚೆಯೇ ಗೊತ್ತಾಗುತ್ತದೆ.

ನಮ್ಮ ಆಕಾಶ

ದೊಡ್ಡ ಸಮೀಕ್ಷೆಗಳಾದ ಅಟ್ಲಾಸ್, ಪ್ಯಾನ್‌ಸ್ಟಾರ್ಸ್, ಜ಼ಡ್‌ಟಿಎಫ್‌ಗಳು ಕತ್ತಲ ಆಕಾಶವನ್ನು ರಾತ್ರಿಯಿಡೀ ಗುಡಿಸುತ್ತವೆ. ನಡುರಾತ್ರಿಯ ನೆತ್ತಿಯಲ್ಲಿ ಅವನ್ನು ಹಿಂದೆ ಹಾಕಿ ಧೂಮಕೇತು ಹಿಡಿಯುವುದು ಹವ್ಯಾಸಿಗಳಿಗೆ ಬಹಳ ಕಷ್ಟ. ಅವು ಸರಿಯಾಗಿ ನೋಡದ ಜಾಗ ಒಂದಿದೆ: ಸೂರ್ಯನಿಂದ 40 ಡಿಗ್ರಿಯೊಳಗಿನ ಮುಸ್ಸಂಜೆ ಮತ್ತು ಮುಂಜಾವಿನ ಪಟ್ಟಿ. 2023ರ ಆಗಸ್ಟ್‌ನಲ್ಲಿ ಜಪಾನಿನ ಹಿದೆಯೊ ನಿಶಿಮುರಾ ಅವರಿಗೆ ಸಿ/2023 ಪಿ1 ಸಿಕ್ಕಿದ್ದು ಇಂಥ ಮುಂಜಾವಿನಲ್ಲಿ, ಸಾಮಾನ್ಯ ಡಿಎಸ್‌ಎಲ್‌ಆರ್ ಕ್ಯಾಮೆರಾ ಮತ್ತು 200 ಮಿ.ಮೀ. ಲೆನ್ಸಿನಲ್ಲಿ.

ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಗೆ ಪಡುವಣದಲ್ಲಿ ಗುಡ್ಡವಿಲ್ಲ, ಮರವಿಲ್ಲ. ಕಡಲಿನ ಗೆರೆಯವರೆಗೂ ಆಕಾಶ ತೆರೆದಿರುತ್ತದೆ. ಅಕ್ಷಾಂಶ 14 ಚಿಲ್ಲರೆ ಡಿಗ್ರಿ ಆದ್ದರಿಂದ ಸೂರ್ಯ ನೆಟ್ಟಗೆ ಇಳಿಯುತ್ತಾನೆ. ಮುಳುಗಿ 50 ನಿಮಿಷಕ್ಕೆ 12 ಡಿಗ್ರಿ ಕೆಳಗಿರುತ್ತಾನೆ, ಒಂದೂಕಾಲು ಗಂಟೆಗೆ ಪೂರ್ಣ ಕತ್ತಲು. ಸೂರ್ಯನಿಂದ 20 ಡಿಗ್ರಿ ದೂರವಿರುವ ಕಾಯ, ಸೂರ್ಯ 12 ಡಿಗ್ರಿ ಇಳಿದಾಗಲೂ ದಿಗಂತದಿಂದ ಸುಮಾರು 8 ಡಿಗ್ರಿ ಮೇಲಿರಬಹುದು. ಅರ್ಧ ಗಂಟೆಯ ಅವಕಾಶ. ಯುರೋಪಿನವರಿಗೆ ಈ ಭಾಗ್ಯ ಇಲ್ಲ.

ಮುಂಜಾವಿನ ಕಾಯಗಳಿಗೆ ಘಟ್ಟದ ಕೆಳಗಿನವರು ಕಷ್ಟಪಡಬೇಕು, ಮೂಡಣದಲ್ಲಿ ಸಹ್ಯಾದ್ರಿ ಗೋಡೆಯಂತೆ ನಿಂತಿದೆ. ಅದಕ್ಕೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಎತ್ತರದ ಬೇಣಗಳು ಒಳ್ಳೆಯವು. ಶಿರಸಿಯಲ್ಲಿ ಡಿಸೆಂಬರ್–ಜನವರಿಯ ಬೆಳಗಿನ ಜಾವ ಮಂಜು ತಗ್ಗಿನ ತೋಟದಲ್ಲಿ ಕಟ್ಟಿಕೊಳ್ಳುತ್ತದೆ, ಮೇಲಿನ ಬೇಣ ಎಷ್ಟೋ ಸಲ ತೆರೆದೇ ಇರುತ್ತದೆ. ಅಡಿಕೆ ಕೊಯ್ಲಿನ ದಿನಗಳಲ್ಲಿ ಮಾತ್ರ ಬೇಯಿಸುವ ಒಲೆಯ ಹೊಗೆ, ಸುಲಿಯುವವರ ಅಂಗಳದ ದೀಪ ಎರಡನ್ನೂ ಲೆಕ್ಕಕ್ಕೆ ಹಿಡಿದು ಜಾಗ ಆರಿಸಿ.

ಕಾರವಾರದಲ್ಲಿ ಒಂದು ಎಚ್ಚರ. ನೌಕಾನೆಲೆಯ ಕಡೆಗೆ, ಅರ್ಗಾ–ಬಿಣಗಾ ಸುತ್ತಮುತ್ತ, ಉದ್ದನೆಯ ಲೆನ್ಸ್ ಹಿಡಿದು ರಾತ್ರಿ ನಿಲ್ಲಬೇಡಿ. ದೇವಬಾಗ, ಮಾಜಾಳಿ ಕಡೆಯ ದಂಡೆಯಾದರೂ ಮುಂಚಿತವಾಗಿ ಪೊಲೀಸರಿಗೆ ಒಂದು ಮಾತು ತಿಳಿಸಿದ್ದರೆ, ಸರಿಯಾಗಿ ಎರಡನೇ ಚಿತ್ರದ ಹೊತ್ತಿಗೆ ಟಾರ್ಚ್ ಬೆಳಕು ಲೆನ್ಸಿನೊಳಗೆ ಬೀಳುವುದಿಲ್ಲ.

ಸಲಕರಣೆ ಮತ್ತು ಗಡಿಯಾರ

ಧೂಮಕೇತು ಹುಡುಕಲು ಡಿಎಸ್‌ಎಲ್‌ಆರ್ ಅಥವಾ ಮಿರರ್‌ಲೆಸ್ ಕ್ಯಾಮೆರಾ, 135ರಿಂದ 200 ಮಿ.ಮೀ. ಲೆನ್ಸ್, ಸ್ಟಾರ್ ಟ್ರ್ಯಾಕರ್ (ನಕ್ಷತ್ರಗಳ ಜತೆ ಕ್ಯಾಮೆರಾವನ್ನು ತಿರುಗಿಸುವ ಸಾಧನ) ಸಾಕು. ಪ್ರತಿ ಪಿಕ್ಸೆಲ್ ಎಷ್ಟು ಆಕಾಶ ನೋಡುತ್ತದೆ ಎಂದು ಮೊದಲೇ ಲೆಕ್ಕ ಹಾಕಿಡಿ: 206 ಗುಣಿಸು ಮೈಕ್ರಾನ್‌ನಲ್ಲಿ ಪಿಕ್ಸೆಲ್ ಅಳತೆ, ಭಾಗಿಸು ಮಿ.ಮೀ.ನಲ್ಲಿ ನಾಭಿದೂರ. 6.5 ಮೈಕ್ರಾನ್ ಪಿಕ್ಸೆಲ್, 200 ಮಿ.ಮೀ. ಲೆನ್ಸ್ ಆದರೆ ಪಿಕ್ಸೆಲಿಗೆ ಸುಮಾರು 6.7 ಆರ್ಕ್‌ಸೆಕೆಂಡ್. ನಕ್ಷತ್ರಗಳು ಸೆಕೆಂಡಿಗೆ 15 ಆರ್ಕ್‌ಸೆಕೆಂಡ್ ಸರಿಯುವುದರಿಂದ, ಟ್ರ್ಯಾಕರ್ ಇಲ್ಲದೆ 30 ಸೆಕೆಂಡ್ ತೆರೆದಿಟ್ಟರೆ ಪ್ರತಿ ನಕ್ಷತ್ರ 67 ಪಿಕ್ಸೆಲ್ ಉದ್ದದ ಗೀಟಾಗುತ್ತದೆ. ಅದರಲ್ಲಿ ಧೂಮಕೇತು ಹುಡುಕುವುದು ವ್ಯರ್ಥ.

ಟ್ರ್ಯಾಕರ್, ಮೌಂಟ್ ಕೊಳ್ಳುವಾಗ ಅದು ಎಷ್ಟು ಕಡಿಮೆ ಅಕ್ಷಾಂಶಕ್ಕೆ ಬಾಗುತ್ತದೆ ನೋಡಿ. ಧ್ರುವ ನಕ್ಷತ್ರ ನಮ್ಮಲ್ಲಿ ದಿಗಂತದಿಂದ ಸುಮಾರು 15 ಡಿಗ್ರಿ ಮೇಲಷ್ಟೇ ಇದೆ. ಕೆಲವು ಮೌಂಟುಗಳು ಅಷ್ಟು ಬಾಗುವುದಿಲ್ಲ, ಬಾಗಿದರೂ ತೂಕದ ಸರಳು ಟ್ರೈಪಾಡಿಗೆ ತಾಗುತ್ತದೆ. ಉತ್ತರದಲ್ಲಿ ಗುಡ್ಡೆ ಅಡ್ಡವಿದ್ದರೆ ಧ್ರುವ ನಕ್ಷತ್ರ ಕಾಣುವುದೇ ಇಲ್ಲ, ಆಗ ನಕ್ಷತ್ರ ಜಾರುವ ದಿಕ್ಕು ನೋಡಿ ಮೌಂಟ್ ಸರಿಪಡಿಸುವ ಡ್ರಿಫ್ಟ್ ವಿಧಾನದಿಂದ ಜೋಡಿಸಬೇಕು.

ಕಡಲ ಗಾಳಿಯ ಉಪ್ಪು ಲೆನ್ಸಿನ ಮೇಲೆ ತೆಳ್ಳಗೆ ಕೂರುತ್ತದೆ. ಒಣ ಬಟ್ಟೆಯಲ್ಲಿ ಒರೆಸಿದರೆ ಹರಳು ಗಾಜನ್ನು ಗೀರುತ್ತದೆ. ಮೊದಲು ಬ್ಲೋವರ್, ಆಮೇಲೆ ಲೆನ್ಸ್ ದ್ರವ ಹಚ್ಚಿದ ಬಟ್ಟೆ. ಉಪ್ಪಿನ ಭಯಕ್ಕೆ ಮುಂದೆ ಯುವಿ ಫಿಲ್ಟರ್ ಹಾಕುವವರಿದ್ದಾರೆ. ಹಗಲಿನ ಚಿತ್ರಕ್ಕೆ ಅದು ಸರಿ, ಶೋಧನೆಗೆ ಬೇಡ. ಸಪಾಟು ಗಾಜು ಶುಕ್ರ, ಗುರುಗಳ ಬೆಳಕನ್ನು ಹಿಂದಕ್ಕೆ ಎರಚಿ ಥೇಟ್ ಧೂಮಕೇತುವಿನಂಥ ಭೂತಬಿಂಬ ಮೂಡಿಸುತ್ತದೆ. ಇಬ್ಬನಿಗೆ ಪವರ್ ಬ್ಯಾಂಕಿನಿಂದ ನಡೆಯುವ 5 ವೋಲ್ಟಿನ ಹೀಟರ್ ಪಟ್ಟಿ ಕಟ್ಟಿ. ಇಬ್ಬನಿ ಕೂತ ಲೆನ್ಸಿನಲ್ಲಿ ಎಲ್ಲ ನಕ್ಷತ್ರಗಳೂ ಮಸುಕಾಗುತ್ತವೆ, ಎಲ್ಲವೂ ಧೂಮಕೇತುವಿನಂತೆಯೇ ಕಾಣುತ್ತವೆ.

ಇನ್ನು ಗಡಿಯಾರ. ತಿರಸ್ಕೃತವಾಗುವ ವರದಿಗಳ ದೊಡ್ಡ ಕಾರಣ ಇದು. ವರದಿಯಲ್ಲಿ ಸಮಯ ಯಾವಾಗಲೂ ವಿಶ್ವಕಾಲದಲ್ಲಿರಬೇಕು: ನಮ್ಮ ಸಮಯದಿಂದ 5 ಗಂಟೆ 30 ನಿಮಿಷ ಕಳೆಯಿರಿ. ಸಂಜೆಯ ವೀಕ್ಷಣೆಗೆ ತಾರೀಕು ಬದಲಾಗುವುದಿಲ್ಲ. ಬೆಳಗಿನ ಜಾವ 5.30ರೊಳಗಾದರೆ ಬದಲಾಗುತ್ತದೆ. ಅಕ್ಟೋಬರ್ 2ರ ಬೆಳಿಗ್ಗೆ 4.30 ಎಂದರೆ ವಿಶ್ವಕಾಲದಲ್ಲಿ ಅಕ್ಟೋಬರ್ 1ರ ರಾತ್ರಿ 23 ಗಂಟೆ. ಅದನ್ನು ದಿನದ ದಶಮಾಂಶವಾಗಿ ಬರೆದರೆ ಅಕ್ಟೋಬರ್ 1.9583. ಇಲ್ಲಿ ಒಂದು ದಿನ ತಪ್ಪಿದರೆ ದೃಢಪಡಿಸುವವರು ಖಾಲಿ ಆಕಾಶ ನೋಡಿ ನಿಮ್ಮ ವರದಿಯನ್ನು ಬದಿಗಿಡುತ್ತಾರೆ.

ಕ್ಯಾಮೆರಾದ ಗಡಿಯಾರ ವಾರದಲ್ಲಿ ಕೆಲವು ಸೆಕೆಂಡ್ ಜಾರುತ್ತದೆ. ಉಪಾಯ ಸುಲಭ: ಚಿತ್ರೀಕರಣದ ಆರಂಭಕ್ಕೊಮ್ಮೆ, ಕೊನೆಗೊಮ್ಮೆ, ಸೆಕೆಂಡ್ ತೋರಿಸುವ ಫೋನ್ ಗಡಿಯಾರದ ಫೋಟೊವನ್ನು ಅದೇ ಕ್ಯಾಮೆರಾದಲ್ಲಿ ತೆಗೆಯಿರಿ. ಫೋಟೊದಲ್ಲಿ ಕಾಣುವ ಸಮಯಕ್ಕೂ ಫೈಲಿನಲ್ಲಿ ದಾಖಲಾದ ಸಮಯಕ್ಕೂ ಇರುವ ವ್ಯತ್ಯಾಸವೇ ತಿದ್ದುಪಡಿ. ಬರೆಯಬೇಕಾದದ್ದು ಎಕ್ಸ್‌ಪೋಷರಿನ ನಡುವಿನ ಕ್ಷಣ, ಶುರುವಿನ ಕ್ಷಣವಲ್ಲ.

ಬಾಲಚುಕ್ಕಿ: ಸಂಶಯದಿಂದ ವರದಿಯವರೆಗೆ

ಮೊದಲ ಹೆಜ್ಜೆ, ಒಂದೇ ಜಾಗದ ಕನಿಷ್ಠ ಮೂರು ಚಿತ್ರ ಬೆನ್ನುಬೆನ್ನಿಗೆ. ಒಂದರಲ್ಲಿ ಮಾತ್ರ ಕಂಡದ್ದು ಕಾಸ್ಮಿಕ್ ಕಿರಣ ಅಥವಾ ಉಪಗ್ರಹದ ಮಿಂಚು. ಎಲ್ಲದರಲ್ಲೂ ಅದೇ ಪಿಕ್ಸೆಲಿನಲ್ಲಿ ಕೂತದ್ದು ಸೆನ್ಸರಿನ ಬಿಸಿ ಪಿಕ್ಸೆಲ್. ಹಾಗಾಗಿ ಪ್ರತಿ ಚಿತ್ರಕ್ಕೂ ಕ್ಯಾಮೆರಾವನ್ನು ಕೂದಲೆಳೆಯಷ್ಟು ಸರಿಸಿ ತೆಗೆಯಿರಿ. ನಿಜವಾದ ಕಾಯ ನಕ್ಷತ್ರಗಳ ಜತೆ ಸರಿಯುತ್ತದೆ, ಸೆನ್ಸರಿನ ದೋಷ ಸರಿಯುವುದಿಲ್ಲ.

ಎರಡನೆಯದು ಭೂತಬಿಂಬದ ಪರೀಕ್ಷೆ. ಚೌಕಟ್ಟಿನಲ್ಲಿ ಪ್ರಕಾಶಮಾನವಾದ ಗ್ರಹವೋ ನಕ್ಷತ್ರವೋ ಇದ್ದರೆ, ಅದರಿಂದ ಚಿತ್ರದ ನಡುಬಿಂದುವಿನ ಮೂಲಕ ಒಂದು ಗೆರೆ ಎಳೆದುಕೊಳ್ಳಿ. ಅಷ್ಟೇ ದೂರದಲ್ಲಿ ಎದುರು ಬದಿಗೆ ನಿಮ್ಮ ‘ಧೂಮಕೇತು’ ಕೂತಿದ್ದರೆ ಅದು ಪ್ರತಿಫಲನ. ಕ್ಯಾಮೆರಾವನ್ನು ಒಂದು ಡಿಗ್ರಿ ತಿರುಗಿಸಿ. ಪ್ರತಿಫಲನ ನಕ್ಷತ್ರಗಳನ್ನು ಬಿಟ್ಟು ಬೇರೆಡೆಗೆ ಹಾರುತ್ತದೆ.

ಮೂರನೆಯದು ನಮ್ಮ ಕಡಲಿನ ಮೋಸಗಳು. ಅರಬ್ಬಿ ಸಮುದ್ರದ ಮೇಲೆ ಹೋಗುವ ವಿಮಾನದ ಹೊಗೆಗೆರೆ ಸೂರ್ಯಾಸ್ತದ ಬೆಳಕಿನಲ್ಲಿ ಬಂಗಾರದ ಬಾಲದಂತೆ ಹೊಳೆಯುತ್ತದೆ. ಹತ್ತು ನಿಮಿಷ ಕಾದರೆ ಕದಡಿ ಹೋಗುತ್ತದೆ. ಮೀನುಗಾರಿಕೆ ದೋಣಿಗಳ ದೀಪ ಕಡಲ ಮಂಜಿನಲ್ಲಿ ಹಬ್ಬಿ ದಿಗಂತದ ಮೇಲೆ ಮಬ್ಬು ಚುಕ್ಕೆಯಾಗುತ್ತದೆ, ಅದು ನಕ್ಷತ್ರಗಳ ಜತೆ ಮುಳುಗುವುದಿಲ್ಲ. ಇನ್ನೊಂದು ಹೆಚ್ಚಿನವರಿಗೆ ಗೊತ್ತಿಲ್ಲದ್ದು: ಭೂಸ್ಥಿರ ಉಪಗ್ರಹಗಳು ಕಾರವಾರದಿಂದ ನೋಡಿದಾಗ ಸರಿಯಾಗಿ ಖಗೋಳ ವಿಷುವದ್ವೃತ್ತದ (ಭೂಮಧ್ಯರೇಖೆಯ ನೇರಕ್ಕೆ ಆಕಾಶದಲ್ಲಿ ಕಲ್ಪಿಸಿದ ಗೆರೆಯ) ಮೇಲಲ್ಲ, ಸುಮಾರು 2.5 ಡಿಗ್ರಿ ದಕ್ಷಿಣಕ್ಕೆ ಸಾಲಾಗಿ ಕೂರುತ್ತವೆ. ವಿಷುವತ್ ದಿನಗಳ ಆಸುಪಾಸಿನಲ್ಲಿ ಅವು ಸೂರ್ಯನ ಬೆಳಕು ಹಿಡಿದು ಮಿನುಗುತ್ತವೆ. ಆ ಪಟ್ಟಿಯಲ್ಲಿ ಪೂರ್ವ–ಪಶ್ಚಿಮವಾಗಿ ಸಣ್ಣ ಗೀಟು ಕಂಡರೆ ಮೊದಲು ಅದನ್ನೇ ಶಂಕಿಸಿ.

ನಾಲ್ಕನೆಯದು ಬಾಲದ ದಿಕ್ಕು. ಬಾಲ ಸಾಮಾನ್ಯವಾಗಿ ಸೂರ್ಯನಿಗೆ ವಿರುದ್ಧವಾಗಿರುತ್ತದೆ. ಮುಸ್ಸಂಜೆ ಪಡುವಣದಲ್ಲಿ ಕಂಡರೆ ಬಾಲ ಮೇಲ್ಮುಖವಾಗಿರಬೇಕು. ಕಡಲ ಕಡೆ ಇಳಿಬಿದ್ದಿದ್ದರೆ ಇನ್ನೊಮ್ಮೆ ಯೋಚಿಸಿ.

ಇಷ್ಟು ದಾಟಿದ ಮೇಲೆ ಚಿತ್ರವನ್ನು ಆಸ್ಟ್ರೊಮೆಟ್ರಿ.ನೆಟ್ ಅಥವಾ ಎಎಸ್‌ಟಿಎಪಿ ತಂತ್ರಾಂಶಕ್ಕೆ ಕೊಟ್ಟರೆ ಆಕಾಶದ ಯಾವ ಭಾಗ ಎಂದು ಗುರುತಿಸಿಕೊಡುತ್ತದೆ. ಡಿಜಿಟೈಸ್ಡ್ ಸ್ಕೈ ಸರ್ವೆಯ ಅದೇ ಭಾಗದ ಚಿತ್ರ ಪಕ್ಕಕ್ಕಿಟ್ಟು ನೋಡಿ. ಸಣ್ಣ ಗ್ಯಾಲಕ್ಸಿ, ನಕ್ಷತ್ರಗುಚ್ಛ, ನೀಹಾರಿಕೆಗಳು ಧೂಮಕೇತುವಿನಂತೆ ಕಾಣುವುದು ಹೊಸ ಸಮಸ್ಯೆಯಲ್ಲ. 18ನೇ ಶತಮಾನದ ಫ್ರೆಂಚ್ ಧೂಮಕೇತು ಬೇಟೆಗಾರ ಮೆಸಿಯೆ ಇಂಥ ಕಾಯಗಳ ತನ್ನ ಪ್ರಸಿದ್ಧ ಪಟ್ಟಿ ಮಾಡಿದ್ದೇ ಅವುಗಳಿಂದ ಮೋಸಹೋಗದಿರಲೆಂದು. ಬಳಿಕ ಮೈನರ್ ಪ್ಲಾನೆಟ್ ಸೆಂಟರಿನ ಎಂಪಿ ಚೆಕರ್‌ನಲ್ಲಿ ಸ್ಥಾನ, ಸಮಯ ಕೊಟ್ಟು, ಗೊತ್ತಿರುವ ಧೂಮಕೇತು ಅಥವಾ ಕ್ಷುದ್ರಗ್ರಹ ಅಲ್ಲಿದೆಯೇ ಕೇಳಿ. ಹತ್ತರಲ್ಲಿ ಒಂಬತ್ತು ಬಾರಿ ಉತ್ತರ ಇಲ್ಲಿಯೇ ಸಿಕ್ಕಿಬಿಡುತ್ತದೆ. ಬೇಸರಪಡಬೇಕಿಲ್ಲ, ಗೊತ್ತಿರುವ ಧೂಮಕೇತುವಿನ ಸ್ಥಾನವನ್ನು ಅಳೆದು ಕಳಿಸಿದರೂ ಅದರ ಕಕ್ಷೆಯ ಲೆಕ್ಕಕ್ಕೆ ಸೇರುತ್ತದೆ.

ಇಲ್ಲವೆಂದು ಉತ್ತರ ಬಂದರೆ ಚಲನೆ ಅಳೆಯಬೇಕು. ಒಂದು ಕಲ್ಪಿತ ಉದಾಹರಣೆ ನೋಡೋಣ. ನವೆಂಬರ್ 20ರ ಸಂಜೆ 7.10ಕ್ಕೆ ನಡುಕ್ಷಣವಿರುವ ಚಿತ್ರ: ವಿಶ್ವಕಾಲ 13.40, ಅಂದರೆ ನವೆಂಬರ್ 20.5694. ವಿಷುವದಂಶ (ಆಕಾಶದ ರೇಖಾಂಶ) 18 ಗಂಟೆ 12 ನಿಮಿಷ 34.5 ಸೆಕೆಂಡ್, ಡೆಕ್ಲಿನೇಷನ್ (ಆಕಾಶದ ಅಕ್ಷಾಂಶ) ದಕ್ಷಿಣ 22 ಡಿಗ್ರಿ 15 ಆರ್ಕ್‌ಮಿನಿಟ್ 40 ಆರ್ಕ್‌ಸೆಕೆಂಡ್. ಅರ್ಧ ಗಂಟೆಯ ನಂತರ, 20.5903ಕ್ಕೆ, ವಿಷುವದಂಶ 36.7 ಸೆಕೆಂಡಿಗೆ ಸರಿದಿದೆ, ಡೆಕ್ಲಿನೇಷನ್ ಹಾಗೆಯೇ ಇದೆ. ಅಂದರೆ ಪೂರ್ವಕ್ಕೆ ಸುಮಾರು 30 ಆರ್ಕ್‌ಸೆಕೆಂಡ್, ಗಂಟೆಗೆ ಒಂದು ಆರ್ಕ್‌ಮಿನಿಟ್. ನಿಮ್ಮ 200 ಮಿ.ಮೀ. ಲೆನ್ಸಿನಲ್ಲಿ ಅದು ಬರೀ ನಾಲ್ಕೂವರೆ ಪಿಕ್ಸೆಲ್. ಕಣ್ಣಿಗೆ ಸುಲಭವಾಗಿ ಕಾಣದು, ಎರಡು ಚಿತ್ರಗಳನ್ನು ಒಂದರ ಮೇಲೊಂದು ಇಟ್ಟು ಬದಲಿಸುತ್ತ ನೋಡಿದರೆ ಹೆಜ್ಜೆ ಇಟ್ಟಂತೆ ಕಾಣುತ್ತದೆ. ಹತ್ತೇ ನಿಮಿಷದ ಅಂತರದಲ್ಲಿ ತೆಗೆದಿದ್ದರೆ ಒಂದೂವರೆ ಪಿಕ್ಸೆಲ್, ಕಡಲ ಮೇಲಿನ ಗಾಳಿಯ ಅಲುಗಾಟದಲ್ಲಿ ಅದು ಮುಳುಗಿಹೋಗುತ್ತಿತ್ತು. ಆದ್ದರಿಂದಲೇ ಎರಡು ಚಿತ್ರಗಳ ನಡುವೆ ಆದಷ್ಟು ಸಮಯ ಬಿಡಿ, ಕಾಯ ಮುಳುಗುವ ಮುನ್ನ ಸಿಗುವ ಕೊನೆಯ ನಿಮಿಷದವರೆಗೂ.

ಕಾಂತಿಮಾನ ಅಳೆಯುವಾಗ ದಿಗಂತದ ತೆರಿಗೆ ನೆನಪಿರಲಿ. 8 ಡಿಗ್ರಿ ಎತ್ತರದಲ್ಲಿ ಬೆಳಕು ನೆತ್ತಿಗಿಂತ ಸುಮಾರು ಏಳು ಪಟ್ಟು ಗಾಳಿ ಹಾದು ಬರುತ್ತದೆ. ಎರಡು ಕಾಂತಿಮಾನ ಸುಲಭವಾಗಿ ಕರಗುತ್ತದೆ, ತೇವದ ದಿನ ಇನ್ನೂ ಹೆಚ್ಚು. ಹೋಲಿಕೆಗೆ ಅದೇ ಎತ್ತರದಲ್ಲಿರುವ ನಕ್ಷತ್ರಗಳನ್ನೇ ಬಳಸಿ.

ವರದಿ ಇಂಗ್ಲಿಷಿನಲ್ಲಿ, ಚುಟುಕಾಗಿ ಇರಲಿ. ಕಂಡವರ ಪೂರ್ಣ ಹೆಸರು, ಸಂಪರ್ಕ, ಜಾಗದ ಅಕ್ಷಾಂಶ, ರೇಖಾಂಶ, ಎತ್ತರ, ಲೆನ್ಸ್ ಅಥವಾ ದೂರದರ್ಶಕದ ವ್ಯಾಸ, ಎಫ್ ಅನುಪಾತ, ಕ್ಯಾಮೆರಾ, ಎಕ್ಸ್‌ಪೋಷರ್, ಪ್ರತಿ ಸ್ಥಾನಕ್ಕೂ ಜೆ2000 (2000ನೇ ಇಸವಿಯನ್ನು ಆಧಾರವಾಗಿಟ್ಟ) ನಿರ್ದೇಶಾಂಕ ಮತ್ತು ವಿಶ್ವಕಾಲ, ಒಟ್ಟು ಕಾಂತಿಮಾನ, ಕೋಮಾದ (ತಲೆಯ ಸುತ್ತಲಿನ ಮಬ್ಬಿನ) ವ್ಯಾಸ ಆರ್ಕ್‌ಮಿನಿಟ್‌ನಲ್ಲಿ, ಬಾಲ ಇದ್ದರೆ ಉದ್ದ ಮತ್ತು ಉತ್ತರದಿಂದ ಪೂರ್ವಕ್ಕೆ ಎಣಿಸಿದ ದಿಕ್ಕಿನ ಕೋನ, ಏನೇನು ಪರಿಶೀಲಿಸಿದಿರಿ ಎಂಬ ಒಂದು ಸಾಲು. ‘ಅದ್ಭುತ’, ‘ಖಂಡಿತ ಹೊಸದು’ ಎಂಬ ಪದಗಳು ಬೇಡ, ಅಂಕಿಗಳೇ ಸಾಕು. ಮೈನರ್ ಪ್ಲಾನೆಟ್ ಸೆಂಟರ್‌ಗೆ ಮಾತ್ರ ಅದರದೇ ನಮೂನೆಯಲ್ಲಿ, ಹಳೆಯ 80 ಅಕ್ಷರದ ಸಾಲು ಅಥವಾ ಈಗಿನ ಎಡಿಇಎಸ್‌ನಲ್ಲಿ ಕಳಿಸಬೇಕು. ಆಸ್ಟ್ರೊಮೆಟ್ರಿಕಾ, ಟೈಕೊ ತಂತ್ರಾಂಶಗಳು ಅಳೆದ ಕೂಡಲೇ ಸಾಲನ್ನು ತಾವೇ ಬರೆದುಕೊಡುತ್ತವೆ. ಕೈಯಿಂದ ಟೈಪ್ ಮಾಡಹೋದರೆ ಒಂದು ಖಾಲಿ ಜಾಗ ಆಚೀಚೆಯಾಗಿ ಇಡೀ ಸಾಲು ತಿರಸ್ಕೃತವಾಗುತ್ತದೆ.

ಒಪ್ಪಿಗೆಯಾಗುವಂಥದ್ದಾದರೆ ನಿಮ್ಮ ಕಾಯ ಸಂಭಾವ್ಯ ಧೂಮಕೇತುಗಳ ದೃಢೀಕರಣ ಪುಟಕ್ಕೆ ಏರುತ್ತದೆ, ಜಗತ್ತಿನ ಬೇರೆ ಬೇರೆ ಕಡೆಯವರು ನೋಡುತ್ತಾರೆ. ನೀವೂ ಮರುದಿನ ನೋಡಲೇಬೇಕು. ಎರಡನೇ ರಾತ್ರಿ ತಪ್ಪಿದರೆ ಏನಾಗುತ್ತದೆ ಎನ್ನುವುದಕ್ಕೆ 2024ರ ಅಕ್ಟೋಬರ್‌ನಲ್ಲಿ ಕರ್ನಾಟಕದವರೂ ಕಣ್ತುಂಬ ನೋಡಿದ ಸಿ/2023 ಎ3 ಸಾಕ್ಷಿ. ಚೀನಾದ ಪರ್ಪಲ್ ಮೌಂಟನ್ ವೀಕ್ಷಣಾಲಯ 2023ರ ಜನವರಿ 9ರಂದು ಅದನ್ನು ಹಿಡಿದಿತ್ತು. ಮುಂದುವರಿದ ವೀಕ್ಷಣೆ ಸಿಗದೆ ಅದು ಪಟ್ಟಿಯಿಂದಲೇ ಬಿದ್ದುಹೋಯಿತು. ಫೆಬ್ರವರಿ 22ರಂದು ದಕ್ಷಿಣ ಆಫ್ರಿಕಾದ ಅಟ್ಲಾಸ್ ದೂರದರ್ಶಕ ಮತ್ತೆ ಹಿಡಿದ ಮೇಲೆ ಎರಡೂ ಒಂದೇ ಎಂದು ಗೊತ್ತಾಯಿತು. ಹೆಸರು ತ್ಸುಚಿನ್‌ಶಾನ್–ಅಟ್ಲಾಸ್ ಎಂದು ಜೋಡಿಯಾದದ್ದು ಹಾಗೆ, ತ್ಸುಚಿನ್‌ಶಾನ್ ಎಂದರೆ ಪರ್ಪಲ್ ಮೌಂಟನ್‌ನ ಚೀನೀ ಹೆಸರು.

ಸಂಕೇತ ಓದುವುದು ಸುಲಭ. ‘ಸಿ’ ಎಂದರೆ ದೀರ್ಘಾವಧಿಯದು, ‘ಪಿ’ ಎಂದರೆ ಮರಳಿ ಬರುವಂಥದ್ದು. ವರ್ಷದ ನಂತರದ ಅಕ್ಷರ ತಿಂಗಳ ಅರ್ಧವನ್ನು ಹೇಳುತ್ತದೆ: ಜನವರಿ ಮೊದಲರ್ಧ ಎ, ಉಳಿದರ್ಧ ಬಿ, ಹೀಗೆ, ಐ ಅಕ್ಷರ ಬಿಟ್ಟು. ಆ ಅರ್ಧದಲ್ಲಿ ಎಷ್ಟನೆಯದು ಎನ್ನುವುದು ಕೊನೆಯ ಅಂಕಿ. ಕಂಡವರ ಹೆಸರು ಎರಡಕ್ಕಿಂತ ಹೆಚ್ಚು ಸೇರಿಸುವುದಿಲ್ಲ ಎನ್ನುವುದು ಈಗಿನ ರೂಢಿ. ಹಿಂದೆ ಮೂರಿರುತ್ತಿದ್ದವು: ಹೈದರಾಬಾದಿನಿಂದ ಹಾರ್ವರ್ಡ್‌ಗೆ ಓದಲು ಹೋಗಿದ್ದ ವೇಣು ಬಾಪು 1949ರ ಜುಲೈನಲ್ಲಿ ಕಂಡ ಸಿ/1949 ಎನ್1ರ ಹೆಸರು ಬಾಪು–ಬಾಕ್–ನ್ಯೂಕರ್ಕ್. ತಮಿಳುನಾಡಿನ ಕಾವಲೂರಿನ ವೀಕ್ಷಣಾಲಯಕ್ಕೆ ಇರುವುದು ಅವರದೇ ಹೆಸರು.

ಸೂಪರ್‌ನೋವಾ

ಇಲ್ಲಿ ಚಲನೆ ಇಲ್ಲದಿರುವುದೇ ಪುರಾವೆ. 8 ಇಂಚಿನ ನ್ಯೂಟೋನಿಯನ್, ಒಂದು ಮೀಟರ್ ನಾಭಿದೂರ, 3.76 ಮೈಕ್ರಾನ್ ಪಿಕ್ಸೆಲಿನ ಕ್ಯಾಮೆರಾ ಇದ್ದರೆ ಪಿಕ್ಸೆಲಿಗೆ 0.78 ಆರ್ಕ್‌ಸೆಕೆಂಡ್ ಬರುತ್ತದೆ, ಇದು ಹದವಾದ ಅಳತೆ. ಕನ್ಯಾರಾಶಿಯ ಗ್ಯಾಲಕ್ಸಿ ಗುಂಪು ನಮಗೆ ಹೇಳಿಮಾಡಿಸಿದಂತಿದೆ. ಅದರ ನಡುವಿನ ಎಂ87 (ಮೆಸಿಯೆ ಪಟ್ಟಿಯ 87ನೆಯದು) ಕಾರವಾರದ ನೆತ್ತಿಯಿಂದ ಎರಡೂವರೆ ಡಿಗ್ರಿಯೊಳಗೆ ಹಾಯುತ್ತದೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ, ಮಳೆಗೆ ಮುಂಚಿನ ತೆರೆದ ರಾತ್ರಿಗಳಲ್ಲಿಯೇ ಅದು ಮೇಲಿರುತ್ತದೆ. ದಕ್ಷಿಣದ ಎಂ83 ಸಹ ನಮಗೆ ಸಾಕಷ್ಟು ಎತ್ತರಕ್ಕೇರುತ್ತದೆ. ಉತ್ತರದ ಎಂ82 ಮಾತ್ರ 36 ಡಿಗ್ರಿಗಿಂತ ಮೇಲೆ ಬರುವುದಿಲ್ಲ. ಐವತ್ತು ಗ್ಯಾಲಕ್ಸಿಗಳ ಪಟ್ಟಿ ಮಾಡಿ, ಒಂದೊಂದಕ್ಕೂ ಸ್ವಚ್ಛ ರಾತ್ರಿಯಲ್ಲಿ ತೆಗೆದ ನಿಮ್ಮದೇ ಮೂಲಚಿತ್ರ ಇಟ್ಟುಕೊಳ್ಳಿ. ಬೇರೆಯವರ ಚಿತ್ರಕ್ಕೆ ಹೋಲಿಸಿದರೆ ಫಿಲ್ಟರ್, ಆಳ ಬೇರೆಯಾಗಿ ಸುಳ್ಳು ನಕ್ಷತ್ರಗಳು ಹುಟ್ಟುತ್ತವೆ.

ಹೊಸ ಚುಕ್ಕೆ ಕಂಡರೆ ಒಂದು ಗಂಟೆ ಬಿಟ್ಟು ಮತ್ತೆ ತೆಗೆಯಿರಿ. ಕನ್ಯಾರಾಶಿಯ ಬಳಿಯೇ ಕ್ರಾಂತಿವೃತ್ತ (ಸೂರ್ಯ, ಗ್ರಹಗಳು ಸಾಗುವ ಹಾದಿ) ಹಾದುಹೋಗುವುದರಿಂದ ಕ್ಷುದ್ರಗ್ರಹಗಳು ಗ್ಯಾಲಕ್ಸಿಯ ಮುಂದೆ ಬಂದು ನಿಂತು ಮೋಸ ಮಾಡುವುದು ಇಲ್ಲಿ ಹೆಚ್ಚು. ಮುಖ್ಯಪಟ್ಟಿಯ ಕ್ಷುದ್ರಗ್ರಹ ಗಂಟೆಗೆ ಸುಮಾರು 30 ಆರ್ಕ್‌ಸೆಕೆಂಡ್ ಸರಿಯುತ್ತದೆ. ನಿಮ್ಮ ಚಿತ್ರದಲ್ಲಿ ಹತ್ತಿರ ಹತ್ತಿರ 40 ಪಿಕ್ಸೆಲ್. ಕದಲದೆ ಕೂತಿದ್ದರೆ ಎಂಪಿ ಚೆಕರ್, ಬದಲಾಗುವ ನಕ್ಷತ್ರಗಳ ವಿಎಸ್‌ಎಕ್ಸ್ ಪಟ್ಟಿ, ಗೊತ್ತಿರುವ ನಕ್ಷತ್ರಗಳ ಗಾಯಾ ಕ್ಯಾಟಲಾಗ್, ಕೊನೆಗೆ ನೇಮ್ ಸರ್ವರಿನಲ್ಲಿಯೇ ಆ ಸ್ಥಾನದ ಸುತ್ತ 5 ಆರ್ಕ್‌ಸೆಕೆಂಡ್ ಹುಡುಕಾಟ, ಈ ನಾಲ್ಕನ್ನೂ ನೋಡಿ.

ನೇಮ್ ಸರ್ವರಿನ ಅರ್ಜಿಯಲ್ಲಿ ಹೊಸಬರು ಎಡವುವುದು ‘ಕೊನೆಯ ಕಾಣದ ದಿನ’ ಎಂಬ ಅಂಕಣದಲ್ಲಿ. ಆ ಜಾಗದಲ್ಲಿ ಚುಕ್ಕೆ ಇಲ್ಲದ ನಿಮ್ಮ ಕೊನೆಯ ಚಿತ್ರ ಯಾವತ್ತಿನದು, ಅದರಲ್ಲಿ ಎಷ್ಟು ಮಸುಕಾದ ನಕ್ಷತ್ರದವರೆಗೆ ಕಾಣುತ್ತಿತ್ತು ಎಂದು ಬರೆಯಬೇಕು. ಸ್ಫೋಟ ಯಾವಾಗ ಆಯಿತೆಂದು ವಿಜ್ಞಾನಿಗಳು ಕಟ್ಟುವ ಗೂಟ ಅದೇ. ನಿಮ್ಮಲ್ಲಿ ಚಿತ್ರವಿಲ್ಲದಿದ್ದರೆ ಹಳೆಯ ಸಮೀಕ್ಷೆಯ ಹೆಸರು ಹಾಕಬಹುದು, ಆದರೆ ಮೂರು ದಿನ ಹಿಂದಿನ ನಿಮ್ಮದೇ ಖಾಲಿ ಚಿತ್ರಕ್ಕೆ ಇರುವ ಬೆಲೆ ಅದಕ್ಕಿಲ್ಲ. ಏನೂ ಸಿಗದ ರಾತ್ರಿಯ ಫೈಲುಗಳನ್ನು ಅಳಿಸಬೇಡಿ ಎನ್ನುವುದು ಇದಕ್ಕೆ. ಉಳಿದ ಅಂಕಣಗಳು ಸರಳ: ಸ್ಥಾನ, ವಿಶ್ವಕಾಲ, ಕಾಂತಿಮಾನ ಮತ್ತು ಫಿಲ್ಟರ್, ಆತಿಥೇಯ ಗ್ಯಾಲಕ್ಸಿ, ಬಗೆಯಲ್ಲಿ ‘ಸಂಭಾವ್ಯ ಸೂಪರ್‌ನೋವಾ’. ಗ್ಯಾಲಕ್ಸಿಯ ತಿರುಳಿನ ಮೇಲೆಯೇ ಚುಕ್ಕೆ ಇದ್ದರೆ ಬಗೆ ಬೇರೆ, ಅಲ್ಲಿ ಕಪ್ಪುಕುಳಿಯ ಚಟುವಟಿಕೆಯೂ ಆಗಿರಬಹುದು.

ಕಳಿಸಿದ ಕೂಡಲೇ ಸಿಗುವುದು ‘ಎಟಿ’ ಎಂಬ ಸಂಕೇತ. ರೋಹಿತ (ಬೆಳಕನ್ನು ಬಣ್ಣಗಳಾಗಿ ಬಿಡಿಸಿದ ದಾಖಲೆ) ತೆಗೆದು ವರ್ಗ ನಿರ್ಧರಿಸಿದ ಮೇಲೆ ‘ಎಸ್‌ಎನ್’ ಆಗುತ್ತದೆ. ರೋಹಿತಕ್ಕೆ ದೊಡ್ಡ ದೂರದರ್ಶಕ ಬೇಕು. ನಮ್ಮ ದೇಶದಲ್ಲಿ ಭಾರತೀಯ ಖಭೌತ ಸಂಸ್ಥೆಯ ಹಾನ್ಲೆಯ 2 ಮೀಟರ್ ಹಿಮಾಲಯನ್ ಚಂದ್ರ ದೂರದರ್ಶಕ ಅಂಥ ಕೆಲಸ ಮಾಡುತ್ತ ಬಂದಿದೆ. 2023ರ ಮೇ 19ರಂದು ಜಪಾನಿನ ಕೊಯಿಚಿ ಇಟಗಾಕಿ ಎಂ101ರಲ್ಲಿ 2023ಐಎಕ್ಸ್‌ಎಫ್ ಕಂಡು ತಿಳಿಸಿದ ಮೇಲೆ, ಅದಕ್ಕೂ ಕೆಲವು ಗಂಟೆ ಮುಂಚಿನ ಹವ್ಯಾಸಿಗಳ ಚಿತ್ರಗಳಲ್ಲಿ ಅದೇ ಚುಕ್ಕೆ ಸಿಕ್ಕಿತು. ತೆಗೆದವರು ಆ ರಾತ್ರಿಯೇ ತಮ್ಮ ಚಿತ್ರ ನೋಡಿರಲಿಲ್ಲ. ತೆಗೆದ ಚಿತ್ರವನ್ನು ಮಲಗುವ ಮುನ್ನ ನೋಡಿ.

ಗ್ರಹಗಳ ಚಂದ್ರಗಳು

ಮನೆಯ ದೂರದರ್ಶಕಕ್ಕೆ ಇದು ಎಟುಕುವ ಕೆಲಸವಲ್ಲ. 2025ರ ಮಾರ್ಚ್‌ನಲ್ಲಿ ಶನಿಗೆ ಒಮ್ಮೆಲೇ 128 ಚಂದ್ರಗಳು ಸೇರಿ ಒಟ್ಟು 274 ಆದದ್ದು ಹವಾಯಿಯ 3.6 ಮೀಟರ್ ದೂರದರ್ಶಕದ ಚಿತ್ರಗಳಿಂದ. ಗ್ರಹದ ಚಲನೆಯ ವೇಗಕ್ಕೆ ತಕ್ಕಂತೆ ಹತ್ತಾರು ಚಿತ್ರಗಳನ್ನು ಸರಿಸಿ ಪೇರಿಸಿದಾಗ ಮಾತ್ರ ಆ ಚುಕ್ಕೆಗಳು ಮೂಡುತ್ತವೆ. ಆದರೆ ಆ ಹಳೆಯ ಚಿತ್ರಗಳು ಎಲ್ಲರಿಗೂ ತೆರೆದಿವೆ. 2003ರ ಚಿತ್ರಗಳನ್ನು ಜಾಲಾಡಿ ಹವ್ಯಾಸಿಯೊಬ್ಬರು 2021ರಲ್ಲಿ ಗುರುವಿನ ಹೊಸ ಚಂದ್ರವನ್ನೇ ಹಿಡಿದರು. ಅದಕ್ಕೆ ಎಸ್/2003 ಜೆ 24 ಎಂಬ ಸಂಕೇತ ಸಿಕ್ಕಿತು. ಇಲ್ಲಿ ಒಂದು ರಾತ್ರಿ, ಎರಡು ರಾತ್ರಿ ಸಾಲದು. ಗ್ರಹದ ಸುತ್ತ ತಿರುಗುತ್ತಿದೆ ಎಂದು ತೋರಿಸಲು ತಿಂಗಳುಗಟ್ಟಲೆ, ವರ್ಷಗಟ್ಟಲೆ ಹರಡಿದ ಸ್ಥಾನಗಳು ಬೇಕು.

ಕಳಿಸಿದ ಮೇಲೆ

ಒಂದೇ ವರದಿ ಕಳಿಸಿ, ಐದು ಬಾರಿ ಬೇಡ. ತಪ್ಪು ಕಂಡುಬಂದರೆ ತಕ್ಷಣ ತಿದ್ದುಪಡಿ ಕಳಿಸಿ. ತಿದ್ದಿಕೊಂಡವರನ್ನು ಮುಂದಿನ ಸಲ ನಂಬುತ್ತಾರೆ. ಮೂಲ ಫೈಲುಗಳನ್ನು, ಫೋನ್ ಗಡಿಯಾರದ ಫೋಟೊ ಸಮೇತ, ಎರಡು ಕಡೆ ಇಡಿ. ಕರಾವಳಿಯಲ್ಲಿ ಮೋಡ ಕವಿದರೆ ಬೆಂಗಳೂರಿನ ಅಥವಾ ಧಾರವಾಡದ ಹವ್ಯಾಸಿಗಳಲ್ಲಿ ಒಬ್ಬರಿಗೆ ಫೋನ್ ಮಾಡಿ ಸ್ಥಾನ ಕೊಟ್ಟು ನೋಡಿಸಿ, ಇಲ್ಲವೇ ಆಸ್ಟ್ರೇಲಿಯಾ, ಸ್ಪೇನ್ ಕಡೆ ಇಂಟರ್ನೆಟ್ ಮೂಲಕ ಬಾಡಿಗೆಗೆ ಸಿಗುವ ದೂರದರ್ಶಕದಲ್ಲಿ ಹತ್ತು ನಿಮಿಷ ತೆಗೆದುಕೊಳ್ಳಿ. ಹಾಗೆ ನೋಡಿದವರ ಹೆಸರನ್ನು ವರದಿಯಲ್ಲಿ ಬರೆಯಿರಿ. ಪತ್ರಿಕೆಯವರಿಗೆ ಹೇಳುವುದು ಸಂಕೇತ ಬಂದ ಮೇಲೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ

ನಾಲ್ಕು ತಿಂಗಳು ನಮಗೆ ಆಕಾಶವೇ ಇಲ್ಲ. ಕ್ಯಾಮೆರಾ, ಲೆನ್ಸ್‌ಗಳನ್ನು ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ. ಬೂಸ್ಟು ಒಮ್ಮೆ ಲೆನ್ಸಿನೊಳಗೆ ಹಿಡಿದರೆ ಹೋಗುವುದಿಲ್ಲ. ಹಾಗೆಂದು ಹುಡುಕಾಟ ನಿಲ್ಲಬೇಕಿಲ್ಲ. 1995ರ ಡಿಸೆಂಬರಿನಲ್ಲಿ ಹಾರಿದ ಸೋಹೊ ನೌಕೆ ಸೂರ್ಯನ ಸುತ್ತಲಿನ ಚಿತ್ರಗಳನ್ನು ಕಳಿಸುತ್ತ ಬಂದಿದೆ, ಅವು ಯಾರಿಗೂ ಉಚಿತ. ಸನ್‌ಗ್ರೇಜರ್ ಯೋಜನೆಯಡಿ ಮನೆಯಲ್ಲಿ ಕೂತವರು ಅವುಗಳಲ್ಲಿ ಹುಡುಕಿದ ಧೂಮಕೇತುಗಳ ಸಂಖ್ಯೆ 2024ರ ಮಾರ್ಚ್‌ನಲ್ಲಿ 5,000 ಮುಟ್ಟಿತು. ಆ ನೌಕೆಯ ಲಾಸ್ಕೊ ಸಿ3 ಕ್ಯಾಮೆರಾದ ಚಿತ್ರಗಳನ್ನು ಸರಣಿಯಾಗಿ ಓಡಿಸಿ, ಸೂರ್ಯನ ಕಡೆಗೆ ಒಂದೇ ವೇಗದಲ್ಲಿ, ಹೆಚ್ಚುಕಮ್ಮಿ ನೇರ ಗೆರೆಯಲ್ಲಿ ಸಾಗುವ ಸಣ್ಣ ಚುಕ್ಕೆಗಾಗಿ ನೋಡಬೇಕು. ಒಂದೆರಡು ಚಿತ್ರದಲ್ಲಿ ಮಿನುಗಿ ಹೋದದ್ದು ಕಾಸ್ಮಿಕ್ ಕಿರಣ. ಸಾಲು ಚಿತ್ರಗಳಲ್ಲಿ ಹೆಜ್ಜೆ ತಪ್ಪದೆ ಬಂದರೆ ಪ್ರತಿ ಚಿತ್ರದ ಸಮಯ, ಪಿಕ್ಸೆಲಿನ ಎಕ್ಸ್, ವೈ ಅಂಕಿ, ಚಿತ್ರದ ಅಳತೆ, ಸೊನ್ನೆ ಯಾವ ಮೂಲೆಯಿಂದ ಎಣಿಸಿದ್ದು ಎಂಬುದನ್ನು ಬರೆದು ಯೋಜನೆಯ ಅರ್ಜಿಯಲ್ಲಿ ಸಲ್ಲಿಸಿ. ಕೊನೆಯದನ್ನು ಮರೆತರೆ ಎಲ್ಲ ಅಂಕಿಯೂ ತಲೆಕೆಳಗಾಗುತ್ತದೆ. ಆ ಧೂಮಕೇತುವಿಗೆ ಸೋಹೊ ಎಂದೇ ಹೆಸರು ಬರುತ್ತದೆ, ಹುಡುಕಿದವರ ಹೆಸರು ಯೋಜನೆಯ ದಾಖಲೆಯಲ್ಲಿ ಉಳಿಯುತ್ತದೆ.